ಎದೆ ಬಡಿಯಲಿ ಬಿಡಿ: ಗಾಬರಿಯವರನ್ನು ಬೆಟ್ಟ ಹತ್ತಿಸಿದ ನನ್ನ ಅನುಭವ

ಪ್ಯಾನಿಕ್, ಅಂದರೆ ಎದೆ ಬಡಿದು ಈಗಲೇ ಸತ್ತೆ ಎನಿಸುವ ದಿಢೀರ್ ಗಾಬರಿ, ಎಂದು ಬಂದವರನ್ನು ಸಮಾಧಾನಪಡಿಸುವುದನ್ನು ನಿಲ್ಲಿಸಿ, ಬಡಿದರೂ ಏನೂ ಆಗುವುದಿಲ್ಲವೆಂದು ಅವರೇ ಕಾಣಲೆಂದು ಅವರ ಎದೆಬಡಿತವನ್ನು ಬೇಕೆಂದೇ ಏರಿಸುವ ಕೆಲಸಕ್ಕೆ ನಾನು ಕೈಹಾಕಿದಾಗ ಮೊದಲು ನಕ್ಕವರು ನನ್ನಂತೆ ಮಾತಿನಿಂದ ಮನಸ್ಸಿನ ಚಿಕಿತ್ಸೆ ಮಾಡುವ ನಮ್ಮ ವೃತ್ತಿಯವರೇ. ಹೆದರುವವರ ಮೇಲೆ ಹಾವು ಎಸೆಯುತ್ತಿದ್ದಾಳೆ ಎಂದು ಒಬ್ಬ ಹಿರಿಯರು ಸಭೆಯಲ್ಲೇ ಹೇಳಿದರು. "ಇದೆಲ್ಲ ಬೆಂಗಳೂರಿನ ದೊಡ್ಡ ಸಂಸ್ಥೆಗಳಿಗೆ ಸರಿ, ಹಾಸನದ ಜನಕ್ಕೆ ಎರಡು ಒಳ್ಳೆಯ ಮಾತು, ಒಂದಿಷ್ಟು ಪ್ರಾಣಾಯಾಮ ಸಾಕು" ಎಂದವರು ಇನ್ನೂ ಹಲವರು. ಈಗ ಮೂರು ವರ್ಷದ ಮೇಲಾಗಿದೆ. ಅರವತ್ತು ಎಪ್ಪತ್ತು ಜನರೊಂದಿಗೆ ಇದನ್ನು ಮಾಡಿದ್ದೇನೆ. ಕೊನೆಯವರೆಗೆ ನಿಂತವರಲ್ಲಿ ನಾಲ್ವರಲ್ಲಿ ಮೂವರಾದರೂ ರಾತ್ರೋರಾತ್ರಿ ತುರ್ತು ಘಟಕಕ್ಕೆ ಓಡುವುದನ್ನು ಬಿಟ್ಟಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ಬರುವವರ ಗುರುತಿನ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ನನ್ನ ಬಳಿ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ದಪ್ಪ ಫೈಲು ಇರುತ್ತದೆ. ನಾಲ್ಕೈದು ಇಸಿಜಿ, ಎರಡು ಎಕೋ (ಹೃದಯದ ಸ್ಕ್ಯಾನ್), ಓಡಿಸಿ ಹೃದಯ ನೋಡುವ ಒಂದು ಟಿಎಂಟಿ, ಥೈರಾಯ್ಡ್, ಹೊಟ್ಟೆಯ ಸ್ಕ್ಯಾನ್. ಎಲ್ಲವೂ ನಾರ್ಮಲ್. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಈ ಫೈಲುಗಳು ದಪ್ಪವಾದವು. ಜಿಮ್ ಮಾಡುತ್ತಿದ್ದ, 46ರ ಮನುಷ್ಯನಿಗೇ ಹೀಗಾದರೆ ನನಗೇನು ಗತಿ ಎಂಬ ಒಂದೇ ಪ್ರಶ್ನೆ. 2025ರ ಜೂನ್, ಜುಲೈನಲ್ಲಂತೂ ನಮ್ಮ ಜಿಲ್ಲೆಯ ಹೆಸರೇ ಹೃದಯಾಘಾತಕ್ಕೆ ಅಂಟಿಕೊಂಡಿತು. ದಿನಕ್ಕೊಂದು ಸಾವಿನ ಸುದ್ದಿ ಟಿವಿಯಲ್ಲಿ, ಮೈಸೂರಿನ ಜಯದೇವದ ಮುಂದೆ ಬೆಳಗಿನ ಜಾವದಿಂದಲೇ ಸಾಲು. ಸಾವುಗಳು ಅಸಹಜವಾಗಿ ಏರಿಲ್ಲವೆಂದು ಸರ್ಕಾರದ ಸಮಿತಿ ಆಮೇಲೆ ಹೇಳಿತು. ಆ ವರದಿಯ ಸುದ್ದಿಯನ್ನು ತೋರಿಸಿದರೆ ನನ್ನ ಕ್ಲೈಂಟ್‌ಗಳಿಗೆ ವರದಿಯ ಮೇಲೇ ಅನುಮಾನ. ಆ ಎರಡು ತಿಂಗಳು ನನ್ನ ಕೋಣೆಯ ಹೊರಗಿನ ಮೂರು ಕುರ್ಚಿ ಸಾಲಲಿಲ್ಲ.

ಪರೀಕ್ಷೆಗಳಿಗೆ ಮೂವತ್ತು ನಲವತ್ತು ಸಾವಿರ ಸುರಿದು ಬಂದವರಿಗೆ ನನ್ನ ಐನೂರು ರೂಪಾಯಿ ಭಾರವಾಗುವುದು ನೋಡಬೇಕು. "ಮಾತಾಡುವುದಕ್ಕೂ ದುಡ್ಡಾ ಮೇಡಂ?" ಸೂಜಿ ಇಲ್ಲ, ಮಾತ್ರೆ ಇಲ್ಲ, ಯಂತ್ರ ಇಲ್ಲ, ರಸೀದಿಯಲ್ಲಿ ಏನೆಂದು ಬರೆಯುವುದು ಎಂದು ಒಬ್ಬರು ನಿಜವಾಗಿಯೂ ಕೇಳಿದರು.

ಮೊದಲು ಸೋತದ್ದನ್ನು ಹೇಳುತ್ತೇನೆ. ಶುರುವಿನ ವರ್ಷಗಳಲ್ಲಿ ನಾನೂ ಎಲ್ಲರಂತೆ ಉಸಿರಾಟದ ಆಡಿಯೊ ಮಾಡಿಸಿದೆ. ಒಳ್ಳೆಯ ಧ್ವನಿಯವರನ್ನು ಹಿಡಿದು, ಹಿನ್ನೆಲೆಗೆ ಕೊಳಲು ಹಾಕಿಸಿ, ಸ್ಟುಡಿಯೊಗೆ ಎಂಟು ಸಾವಿರ ಕೊಟ್ಟೆ. ಅದು ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ, ಒಬ್ಬಾಕೆ ಇಯರ್‌ಫೋನ್ ಮರೆತು ಹೋದ ದಿನ ಬಸ್ಸಿನಿಂದ ಅರ್ಧ ದಾರಿಯಲ್ಲೇ ಇಳಿದುಬಿಟ್ಟರು. ಮಾತ್ರೆ ಬಿಡಿಸಲು ಹೋಗಿ ಕೊಳಲು ಅಂಟಿಸಿದಂತಾಯಿತು. ಆಮೇಲೆ ಗಾಬರಿಯಾದಾಗ ತಲೆಗೆ ಬಂದದ್ದನ್ನು ಬರೆದು ಪರೀಕ್ಷಿಸುವ ಇಂಗ್ಲಿಷಿನ ಯೋಚನಾ ದಾಖಲೆಯ ನಮೂನೆಯನ್ನು ಕನ್ನಡಕ್ಕೆ ತಂದು ಐನೂರು ಪ್ರತಿ ಅಚ್ಚು ಹಾಕಿಸಿದೆ. ಅದರಲ್ಲಿ 'ಸ್ವಯಂಚಾಲಿತ ಆಲೋಚನೆ', 'ಪರ್ಯಾಯ ಸಾಕ್ಷ್ಯ' ಎಂಬ ಕಾಲಂಗಳು. ವಾಪಸ್ ಬಂದ ಹಾಳೆಗಳಲ್ಲಿ ಅರ್ಧ ಖಾಲಿ, ಒಂದರ ಹಿಂಬದಿಯಲ್ಲಿ ರೇಷನ್ ಪಟ್ಟಿ. ಉಳಿದ ಮುನ್ನೂರು ಪ್ರತಿ ಇಂದಿಗೂ ಬೀರುವಿನಲ್ಲಿವೆ.

ಎಲ್ಲಕ್ಕಿಂತ ದೊಡ್ಡ ಸೋಲು ಧೈರ್ಯ ಹೇಳುವುದು. ರಾತ್ರಿ ಹನ್ನೊಂದಕ್ಕೆ ಫೋನ್ ಬರುತ್ತದೆ: "ಮೇಡಂ, ಎಡಗೈ ಜೋಮು ಹಿಡಿದಿದೆ, ಏನೂ ಆಗುವುದಿಲ್ಲ ಅಲ್ಲವಾ?" ಏನೂ ಆಗುವುದಿಲ್ಲ ಎನ್ನುತ್ತೇವೆ. ಅರ್ಧ ಗಂಟೆ ನೆಮ್ಮದಿ. ಮತ್ತೆ ಫೋನ್. ಮನಶ್ಶಾಸ್ತ್ರಜ್ಞ ಡೇವಿಡ್ ಕ್ಲಾರ್ಕ್ 1986ರಲ್ಲಿ ಬರೆದ ಪ್ಯಾನಿಕ್ಕಿನ ಸುತ್ತನ್ನು, ಅಂದರೆ ಎದೆ ಬಡಿದರೆ ಸಾವೆಂದು ಹೆದರುವುದು, ಹೆದರಿದ್ದಕ್ಕೆ ಎದೆ ಇನ್ನೂ ಬಡಿಯುವುದು, ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದವರೇ. ಕುರ್ಚಿಯಲ್ಲಿ ಕೂತ ಮೇಲೆ ಮಾತ್ರ ನಾವೇ ಆ ಸುತ್ತಿನ ಒಂದು ಹಲ್ಲಾಗುತ್ತೇವೆ. ಈಗ ನನ್ನ ನಿಯಮ, ಒಂದು ಪ್ರಶ್ನೆಗೆ ಒಂದೇ ಸಲ ಉತ್ತರ. ಎರಡನೆಯ ಸಲ ಕೇಳಿದರೆ "ಮೊನ್ನೆ ಏನು ಹೇಳಿದ್ದೆ, ನೀವೇ ಹೇಳಿ" ಎನ್ನುತ್ತೇನೆ. ಬದುಕೇ ಬೇಡ ಎಂಬ ಮಾತು ಬಂದರೆ ಲೆಕ್ಕವೇ ಬೇರೆ. ಅಂಥವರಿಗೆ ಯಾವ ಹೊತ್ತಿಗಾದರೂ ನನ್ನ ನಂಬರೂ ಇದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಕೂಡ ಇದೆ.

ಈಗ ಮಾಡುವ ಕ್ರಮ. ಹೃದಯದ ವೈದ್ಯರ ಅನುಮತಿ ಚೀಟಿ ಇಲ್ಲದೆ ಯಾರನ್ನೂ ಮುಟ್ಟುವುದಿಲ್ಲ. ಆಸ್ತಮಾ, ಮೂರ್ಛೆರೋಗ, ಬಸಿರು ಇದ್ದವರಿಗೆ ಉಸಿರಿನ ವ್ಯಾಯಾಮ ಮಾಡಿಸುವುದಿಲ್ಲ. ಮಾತ್ರೆ ತಗ್ಗಿಸುವುದು ಮನೋವೈದ್ಯರ ಕೆಲಸ, ನಾನು ಅದರಲ್ಲಿ ಬಾಯಿ ಹಾಕುವುದಿಲ್ಲ. ಜೇಬಿನಲ್ಲಿ ಸುಮ್ಮನೆ ಇಟ್ಟುಕೊಂಡು ತಿರುಗುವ, ಗಾಬರಿ ತಗ್ಗಿಸುವ ಆಲ್‌ಪ್ರಜೋಲಾಮ್ ಮಾತ್ರೆಯ ಪಟ್ಟಿಯ ಬಗ್ಗೆ ಮಾತ್ರ ಮಾತಾಡುತ್ತೇನೆ.

ಎರಡನೆಯ ಭೇಟಿಯಲ್ಲೇ ಒಂದು ನಿಮಿಷ ಜೋರಾಗಿ, ಬೇಗಬೇಗ ಉಸಿರಾಡಿಸುತ್ತೇನೆ. ನಾನೂ ಜೊತೆಗೆ ಮಾಡುತ್ತೇನೆ, ಅದು ಮುಖ್ಯ. ನಲವತ್ತು ಸೆಕೆಂಡಿಗೆ ತುಟಿ ಜುಮ್ಮೆನ್ನುತ್ತದೆ, ಬೆರಳು ಸೆಟೆಯುತ್ತದೆ, ತಲೆ ಹಗುರಾಗುತ್ತದೆ. ಅಡಿಕೆ ವ್ಯಾಪಾರದ ಒಬ್ಬರು ಕುರ್ಚಿಯ ಕೈ ಹಿಡಿದುಕೊಂಡು "ಇದೇ! ಇದೇ ಮೇಡಂ ಅವತ್ತು ಬಂದದ್ದು!" ಎಂದು ಕೂಗಿದರು. ಹೊರಗಿದ್ದ ಅವರ ಹೆಂಡತಿ ಬಾಗಿಲು ತಳ್ಳಿಕೊಂಡು ಒಳಗೆ ಬಂದರು. ಅರವತ್ತು ಸೆಕೆಂಡಿನಲ್ಲಿ ತಾನೇ ತರಿಸಿಕೊಳ್ಳಬಹುದಾದ ಹೃದಯಾಘಾತ ಯಾವುದಿದೆ ಎಂದು ಯೋಚಿಸುವ ಕೆಲಸವನ್ನು ಅವರಿಗೇ ಬಿಟ್ಟೆ, ನಾನು ಬಾಯಿ ಬಿಡಲಿಲ್ಲ. ತಿರುಗುವ ಕುರ್ಚಿ, ಸ್ಟ್ರಾ ಮೂಲಕ ಉಸಿರು, ನಿಂತಲ್ಲೇ ಓಟ, ಇವೆಲ್ಲವೂ ಹೀಗೇ ಗಾಬರಿಯ ಲಕ್ಷಣಗಳನ್ನು ಬೇಕೆಂದೇ ತರಿಸಲು.

ಹೆದರಿಕೆಯನ್ನು ಸೊನ್ನೆಯಿಂದ ನೂರರವರೆಗೆ ಅಳೆಯಿರಿ ಎಂದರೆ ಇಲ್ಲಿ ಎಲ್ಲರೂ ಐವತ್ತು ಎನ್ನುತ್ತಾರೆ, ಜಗಳ ಬೇಡವೆಂದು. ಒಮ್ಮೆ ಒಬ್ಬ ಅಜ್ಜ ತಾವಾಗಿಯೇ "ಹನ್ನೆರಡಾಣೆ ಹೆದರಿಕೆ ಇತ್ತು, ಈಗ ಆರಾಣೆ" ಎಂದರು. ಅಂದಿನಿಂದ ನನ್ನ ಮಾಪಕ ಆಣೆಯದು. ಹದಿನಾರಾಣೆ ಎಂದರೆ ಪ್ರಾಣ ಹೋದಷ್ಟು. ಆಣೆಯನ್ನು ಕಣ್ಣಿಂದ ಕಾಣದ ಇಪ್ಪತ್ತರ ಹುಡುಗರೂ ಇದನ್ನು ತಡವರಿಸದೆ ಹೇಳುತ್ತಾರೆ. ಅಚ್ಚು ಹಾಕಿಸಿದ ನಮೂನೆಯ ಜಾಗಕ್ಕೆ ಹತ್ತು ರೂಪಾಯಿಯ ಹಾಲಿನ ಲೆಕ್ಕದ ಪುಸ್ತಕ ಬಂತು. ಎಡಗಡೆ 'ಏನಾಗುತ್ತದೆ ಎಂದುಕೊಂಡೆ', ಬಲಗಡೆ 'ಏನಾಯಿತು'. ಮಿಕ್ಕಿದ್ದೆಲ್ಲ ಬೇಡ.

ಆಮೇಲೆ ಮೆಟ್ಟಿಲು. ಎದೆ ಬಡಿಯುತ್ತದೆಂದು ಮಹಡಿ ಹತ್ತುವುದನ್ನೇ ಬಿಟ್ಟವರು ಇವರು. ಮೊದಲು ನನ್ನ ಕಟ್ಟಡದ್ದೇ ಮೆಟ್ಟಿಲು, ನಂತರ ಶ್ರವಣಬೆಳಗೊಳ. ಅಲ್ಲಿ ದೇವರು ಎರಡು ಅಳತೆಯ ಬೆಟ್ಟ ಇಟ್ಟಿದ್ದಾನೆ: ಚಿಕ್ಕದು ಚಂದ್ರಗಿರಿ, ದೊಡ್ಡದು ಆರುನೂರಕ್ಕೂ ಹೆಚ್ಚು ಮೆಟ್ಟಿಲಿನ ವಿಂಧ್ಯಗಿರಿ. ಹೆದರಿಕೆಯನ್ನು ಸಣ್ಣದರಿಂದ ದೊಡ್ಡದಕ್ಕೆ ಎದುರಿಸಲು ಇಂಥ ಏಣಿ ಯಾವ ಆಸ್ಪತ್ರೆಯಲ್ಲಿದೆ ಹೇಳಿ. ಚಪ್ಪಲಿ ಕೆಳಗೇ ಬಿಡಬೇಕು. ಬೇಸಿಗೆಯಲ್ಲಿ ಹತ್ತು ಗಂಟೆಯ ನಂತರ ಬಂಡೆ ಕಾದು ಅಂಗಾಲು ಸುಡುತ್ತದೆ, ಆದ್ದರಿಂದ ಬೆಳಿಗ್ಗೆ ಏಳಕ್ಕೇ ಶುರು.

ಟೈಲ್ಸ್ ಅಂಗಡಿಯ ಒಬ್ಬರ ಮೊದಲ ಏರಾಟ ಚೆನ್ನಾಗಿ ನೆನಪಿದೆ. ಪುಸ್ತಕದ ಎಡಗಡೆ 'ಅರ್ಧಕ್ಕೆ ಬೀಳುತ್ತೇನೆ, ಹದಿನೈದಾಣೆ' ಎಂದು ಬರೆದಿದ್ದರು. ಹತ್ತುತ್ತಾ ಬಲಗೈ ಬೆರಳು ಎಡಗೈ ನಾಡಿಯ ಮೇಲೇ. ಡೋಲಿಯವರು "ಕೂರುತ್ತೀರಾ ಸಾರ್?" ಎಂದು ಕೇಳಿದಾಗ ಅವರು ನನ್ನ ಮುಖ ನೋಡಿದ ರೀತಿಗೆ ನನಗೇ ಪಾಪ ಅನಿಸಿತು. ನಾನು ತಲೆ ಆಡಿಸಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಕೂರಲಿಲ್ಲ. ಒದೆಗಲ್ ಬಸದಿಯ ಹತ್ತಿರ ಬಂದಾಗ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು, ಮುಖ ಕೆಂಪಾಗಿತ್ತು, ಬಿದ್ದಿರಲಿಲ್ಲ. ಗೆದ್ದೆವು ಎಂದುಕೊಂಡೆ. ಇಳಿದ ಮೇಲೆ ಬಲಗಡೆ ಬರೆದದ್ದೇನು? 'ನಾಡಿ ಹಿಡಿದುಕೊಂಡಿದ್ದರಿಂದ, ಮೇಡಂ ಜೊತೆಗಿದ್ದರಿಂದ, ಬಾಹುಬಲಿಯ ದಯದಿಂದ ಏನೂ ಆಗಲಿಲ್ಲ.' ಇವು ಯಾವುವೂ ಇಲ್ಲದಿದ್ದರೂ ಬೀಳುತ್ತಿರಲಿಲ್ಲ ಎಂಬುದು ಅವರಿಗೆ ತಿಳಿಯಲೇ ಇಲ್ಲ, ಅಂದರೆ ಬೆಟ್ಟ ಹತ್ತಿದ್ದು ದಂಡ. ಮುಂದಿನ ವಾರ ಅವರ ಎರಡೂ ಕೈಗೆ ನನ್ನ ಸಾಮಾನಿನ ಚೀಲ ಕೊಟ್ಟು, ನಾನು ಕೆಳಗೇ ಕೂತೆ. ಬಾಹುಬಲಿಯನ್ನು ಮಾತ್ರ ಕೆಳಗಿಳಿಸಲಾಗಲಿಲ್ಲ, ಅಷ್ಟು ಇರಲಿ ಎಂದು ಬಿಟ್ಟೆ. ಆತಂಕವನ್ನು ಇಪ್ಪತ್ತೊಂದಕ್ಕೆ ಅಳೆಯುವ ಜಿಎಡಿ-7 ಪ್ರಶ್ನಾವಳಿಯಲ್ಲಿ ಹದಿನಾರೋ ಹದಿನೇಳೋ ಇದ್ದ ಅವರ ಅಂಕ ನಾಲ್ಕು ತಿಂಗಳಿಗೆ ಐದಾರಕ್ಕೆ ಬಂತು. ಈಗ ಗೋದಾಮಿನಲ್ಲಿ ಟೈಲ್ಸ್ ಪೆಟ್ಟಿಗೆ ತಾವೇ ಎತ್ತುತ್ತಾರೆ.

ಅರ್ಧ ದಾರಿಯಲ್ಲಿ ಕೂತುಬಿಟ್ಟವರಿಗೆ ನಾನು ಹೇಳುವ ಒಂದು ವಾಕ್ಯವಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಓದಿಕೊಂಡು ಬಂದವರ ಮೇಲೆ ಅದು ಕೆಲಸ ಮಾಡುವುದಿಲ್ಲ, ನನ್ನ ಅರ್ಧ ಕ್ಲೈಂಟ್‌ಗಳು ಇಂಥದ್ದನ್ನೆಲ್ಲ ಹುಡುಕಿ ಓದುವವರು. ಅತ್ತೆಯಂದಿರನ್ನು ಒಲಿಸುವ ಉಪಾಯವನ್ನೂ ಹೇಳುವುದಿಲ್ಲ, ಅದು ನನ್ನ ಹೊಟ್ಟೆಪಾಡು.

ಹಣದ ವಿಷಯಕ್ಕೆ ಬರುತ್ತೇನೆ, ಸಭೆಗಳಲ್ಲಿ ಯಾರೂ ಎತ್ತದ ವಿಷಯ. ಕೋಣೆಗೆ ಬಾಡಿಗೆ ಏಳು ಸಾವಿರ. ಒಬ್ಬರನ್ನು ಬೆಳಗೊಳಕ್ಕೆ ಕರೆದೊಯ್ದರೆ ಅರ್ಧ ದಿನ ಹೋಯಿತು, ಆ ಹೊತ್ತಿನಲ್ಲಿ ಕೋಣೆಯಲ್ಲಿ ನಾಲ್ವರನ್ನು ನೋಡಬಹುದಿತ್ತು. ಸಾವಿರದೈನೂರು ಕೇಳಿದರೆ "ಬೆಟ್ಟ ಹತ್ತಿಸಲು ಫೀಸಾ" ಎಂದು ನಕ್ಕು ಹೋದವರಿದ್ದಾರೆ. ಮೊದಲ ವರ್ಷ ಕೈಯಿಂದಲೇ ಹಾಕಿದ್ದು ಇಪ್ಪತ್ತೈದು ಸಾವಿರದ ಸುಮಾರು. ಕೈಹಿಡಿದದ್ದು ಎರಡು ಬದಲಾವಣೆ. ಒಂದು, ಭಾನುವಾರ ಬೆಳಿಗ್ಗೆ ಮೂವರನ್ನು ಒಟ್ಟಿಗೆ, ತಲೆಗೆ ಆರುನೂರು. ಒಬ್ಬರ ಗಾಬರಿಯನ್ನು ಇನ್ನೊಬ್ಬರು ನೋಡಿ "ಇಷ್ಟೇನಾ" ಅನ್ನುವುದು ನನ್ನ ಹತ್ತು ಮಾತಿಗೆ ಸಮ. ಇನ್ನೊಂದು, ಶಕ್ತಿ ಯೋಜನೆ. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತಲ್ಲ, ಬಸ್ಸಿನ ಭಯಕ್ಕೆ ಚಿಕಿತ್ಸೆ ಕೊಡುವವರು ಅದಕ್ಕೆ ಕೈಮುಗಿಯಬೇಕು. ಬಸ್ಸಿಗೆ ಹೆದರುವಾಕೆಯ ಟಿಕೆಟ್ಟೂ ಸೊನ್ನೆ, ನನ್ನದೂ ಸೊನ್ನೆ. ಮನೆಯಲ್ಲಿ ದುಡ್ಡು ಕೇಳಬೇಕಿಲ್ಲ, ಕಾರಣ ಹೇಳಬೇಕಿಲ್ಲ. ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗಿ ಇಳಿಯದೆ ಅದೇ ಬಸ್ಸಿನಲ್ಲಿ ಮರಳಿದ್ದಕ್ಕೆ ಕಂಡಕ್ಟರ್ ಒಮ್ಮೆ ನಮ್ಮಿಬ್ಬರನ್ನೂ ಚೆನ್ನಾಗಿಯೇ ಬೈದ. ಆಕೆಗೆ ಅದೂ ಒಂದು ಅಭ್ಯಾಸವಾಯಿತು, ಬೈಸಿಕೊಂಡರೂ ಸಾಯುವುದಿಲ್ಲ ಎಂದು.

ಹೋಮ್‌ವರ್ಕಿಗೆ ಠೇವಣಿ ಇಡಿಸುವುದನ್ನೂ ನೋಡಿದೆ. ಸಾವಿರ ರೂಪಾಯಿ ಇಟ್ಟುಕೊಂಡು, ಪುಸ್ತಕ ತುಂಬಿಸಿ ತಂದಾಗಲೆಲ್ಲ ಇನ್ನೂರು ವಾಪಸ್. ಗಂಡಸರಲ್ಲಿ, ಅದರಲ್ಲೂ ವ್ಯಾಪಾರಸ್ಥರಲ್ಲಿ, ಅದ್ಭುತವಾಗಿ ನಡೆಯಿತು. ವಿದ್ಯಾರ್ಥಿಗಳು ಹಾಸ್ಟೆಲಿನಲ್ಲಿ ಕೂತು ಒಂದೇ ರಾತ್ರಿ ಇಡೀ ಪುಸ್ತಕ ತುಂಬಿಸಿ ತಂದರು, ಒಂದೇ ಪೆನ್ನಿನಲ್ಲಿ.

ಕಾಫಿಯ ಪ್ರಯೋಗ ನನಗೆ ಬಲು ಇಷ್ಟ. ಸಕಲೇಶಪುರದ ಕಡೆಯ ತೋಟದವರೂ ಎದೆ ಬಡಿಯುತ್ತದೆಂದು ಕಾಫಿ ಬಿಟ್ಟಿರುತ್ತಾರೆ, ಮನೆಯಲ್ಲೇ ಬೆಳೆದದ್ದನ್ನು! ವೈದ್ಯರು ಸರಿ ಎಂದವರಿಗೆ ನಾಲ್ಕನೆಯ ವಾರ ಗಟ್ಟಿ ಡಿಕಾಕ್ಷನ್ನಿನ ಒಂದು ಲೋಟ ಕುಡಿಸಿ ಮೆಟ್ಟಿಲಿಗೆ ಕಳಿಸುತ್ತೇನೆ. ಗಳಿಗೆಗೊಮ್ಮೆ ನಾಡಿ ನೋಡಿಕೊಳ್ಳುವ ಸ್ಮಾರ್ಟ್ ವಾಚು, ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರು ನನ್ನ ಡ್ರಾಯರಿಗೆ ಬರುತ್ತವೆ. ಕಸಿದುಕೊಂಡರೆ ಇನ್ನೊಂದು ಕೊಳ್ಳುತ್ತಾರೆ, ಅವರೇ ತಂದಿಡುವವರೆಗೆ ಕಾಯಬೇಕು.

ರಕ್ತ, ಸೂಜಿ ಕಂಡರೆ ಬೀಳುವವರಿಗೆ ಮಾತ್ರ ಈ ದಾರಿ ನೇರವಾಗಿ ನಡೆಯುವುದಿಲ್ಲ. ಅವರಿಗೆ ರಕ್ತದೊತ್ತಡ ಇಳಿದು ನಿಜಕ್ಕೂ ತಲೆಸುತ್ತು ಬರುತ್ತದೆ, ವಿಶ್ರಾಂತಿ ಕಲಿಸಿದರೆ ಇನ್ನೂ ಬೇಗ ಬೀಳುತ್ತಾರೆ. ನರ್ಸಿಂಗ್ ಓದುವ ಹುಡುಗಿಯೊಬ್ಬಳಿಗೆ ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಓಸ್ಟ್ ರೂಪಿಸಿದ ಬಿಗಿತದ ಅಭ್ಯಾಸ ಮಾಡಿಸಿದೆ. ಕೈ, ಕಾಲು, ಹೊಟ್ಟೆಯ ಸ್ನಾಯುಗಳನ್ನು ಹತ್ತು ಹದಿನೈದು ಸೆಕೆಂಡು ಬಿಗಿಹಿಡಿದು, ಮುಖ ಬೆಚ್ಚಗಾದ ಮೇಲೆ ಬಿಡುವುದು, ಮತ್ತೆ ಮತ್ತೆ. ಐದಾರು ವಾರಕ್ಕೆ ವಾರ್ಡಿನಲ್ಲಿ ತಾನೇ ರಕ್ತ ತೆಗೆದಳು. ಕಾಲೇಜು ಬಿಡಿಸಲು ಬಂದಿದ್ದ ಅಪ್ಪ ನನಗೊಂದು ಹಲಸಿನ ಹಣ್ಣು ತಂದುಕೊಟ್ಟರು. ಫೀಸಿನ ಬಾಕಿ ಇನ್ನೂ ಇದೆ.

ನಡೆಯದ ಕಡೆಗಳೂ ಇವೆ. ವಿಧಾನವನ್ನು ವಿವರಿಸಿದ ಕೂಡಲೇ ಮೂವರಲ್ಲಿ ಒಬ್ಬರು ಎದ್ದು ಹೋಗುತ್ತಾರೆ. ಗಂಡ ಕುಡಿದು ಬಂದು ಹೊಡೆಯುವ ಮನೆಯ ಹೆಂಗಸಿನ ಎದೆಬಡಿತಕ್ಕೆ ನಿಜವಾದ ಕಾರಣವಿದೆ, ಆಕೆಯನ್ನು ಬೆಟ್ಟ ಹತ್ತಿಸುವುದು ಅನ್ಯಾಯ. ಸಾಲದ ಕಂತಿನ ಚಿಂತೆಯವರಿಗೂ ಅಷ್ಟೇ, ಅವರೊಂದಿಗೆ ಕೂತು ಸಾಲದ ಪಟ್ಟಿ ಮಾಡಿದ್ದು ಹೆಚ್ಚು ಉಪಯೋಗಕ್ಕೆ ಬಂತು.

ನಾನು ಯಾರನ್ನೋ ಬೆಟ್ಟದ ಮೇಲೆ ಸಾಯಿಸುತ್ತೇನೆ ಎಂದಿದ್ದ ಒಬ್ಬ ಹೃದಯ ವೈದ್ಯರು ಈಗ ತಿಂಗಳಿಗೆ ಇಬ್ಬರು ಮೂವರನ್ನು ಕಳಿಸುತ್ತಾರೆ. ಚೀಟಿಯಲ್ಲಿ 'ಮೆಟ್ಟಿಲು ಹತ್ತಬಹುದು' ಎಂದು ತಮ್ಮ ಕೈಯಿಂದಲೇ ಬರೆಯುತ್ತಾರೆ. ಆದರೆ ಎರಡನೆಯ ಎಕೋ ಆಗುವವರೆಗೆ ಕಳಿಸುವುದಿಲ್ಲ. ಮೊದಲನೆಯದರ ನಂತರವೇ ಕಳಿಸಿ ಎಂದು ಕೇಳುವಷ್ಟು ಸಲಿಗೆ ಇನ್ನೂ ಬಂದಿಲ್ಲ.