ದೊಡ್ಡ ಟ್ಯಾಂಕಿನಲ್ಲಿ ಕೋಶಗಳು ಸೊರಗಿದ್ದು ಯಾಕೆ: ನನ್ನ ಅನುಭವ

ನಾನಿರೋದು ಮಾನೋಕ್ಲೋನಲ್ ಆಂಟಿಬಾಡಿ (ಔಷಧಿಯಾಗಿ ಬಳಸುವ ಒಂದು ಬಗೆಯ ಪ್ರೋಟೀನ್) ತಯಾರಿಕೆಯ ಸೆಲ್ ಕಲ್ಚರ್ ವಿಭಾಗದಲ್ಲಿ. ಸಿಎಚ್ಓ ಕೋಶಗಳನ್ನು (ಹ್ಯಾಮ್‌ಸ್ಟರ್‌ನ ಅಂಡಾಶಯದಿಂದ ಬಂದವು) ಬೆಳೆಸಿ, ಅವು ಹೊರಗೆ ಬಿಡುವ ಪ್ರೋಟೀನ್ ತೆಗೆಯುವ ಕೆಲಸ. 2 ಲೀಟರ್ ಬಯೋರಿಯಾಕ್ಟರ್‌ನಲ್ಲಿ, ಅಂದರೆ ಕೋಶ ಬೆಳೆಸುವ ಟ್ಯಾಂಕಿನಲ್ಲಿ, ಚೆನ್ನಾಗಿ ನಡೆಯುತ್ತಿದ್ದ ಪ್ರೊಸೆಸ್ 2,000 ಲೀಟರ್‌ಗೆ ಹೋದಾಗ ಸೊರಗಿತು. ಶುರುವಿನಲ್ಲಿ ಏನೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ಕೋಶಗಳ ಸಂಖ್ಯೆ ಏರುವುದು ನಿಲ್ಲುತ್ತಿತ್ತು, ಪಿಎಚ್ ಇಳಿದಾಗ ಕ್ಷಾರ ಹಾಕುವ ಬೇಸ್ ಪಂಪ್ ಮಾತ್ರ ಬಿಡದೆ ಓಡುತ್ತಿತ್ತು, ಕೊನೆಗೆ ಆಂಟಿಬಾಡಿ ಕಮ್ಮಿ.

ಇಂಥ ಹೊತ್ತಲ್ಲಿ ಎಲ್ಲರೂ ಹೇಳೋದು ಒಂದೇ: ಫೀಡ್ (ಕೋಶಗಳ ಆಹಾರ) ಜಾಸ್ತಿ ಮಾಡಿ. ನನಗೆ ಒಪ್ಪಿಗೆಯಾಗಲಿಲ್ಲ. ಅದೇ ಫೀಡ್‌ನಲ್ಲಿ ಸಣ್ಣ ಟ್ಯಾಂಕಿನ ಕೋಶಗಳು ಹಾಯಾಗಿದ್ದವು ಅಲ್ವಾ? ಇಷ್ಟೊಂದು ಬೇಸ್ ಯಾಕೆ ಬೇಕಾಗ್ತಿದೆ ಅಂತ ಹುಡುಕಿದೆ. ಕೋಶಗಳು ಬಿಡುವ ಆಮ್ಲವಾದ ಲ್ಯಾಕ್ಟೇಟ್ ಎರಡು ಕಡೆಯೂ ಹೆಚ್ಚುಕಮ್ಮಿ ಒಂದೇ. ಅನುಮಾನ ಕೋಶಗಳೇ ಬಿಡುವ, ಕರಗಿದರೆ ಆಮ್ಲವಾಗುವ ಕಾರ್ಬನ್ ಡೈಆಕ್ಸೈಡ್ ಮೇಲೆ ಬಂತು.

ಅದನ್ನು ಅಳೆಯೋದರಲ್ಲೇ ಒಂದು ಕಿತಾಪತಿ ಇದೆ. ಸ್ಯಾಂಪಲ್ ಟ್ಯೂಬ್ ಮುಚ್ಚದೆ ಸ್ವಲ್ಪ ಹೊತ್ತು ಇಟ್ಟರೆ ಅನಿಲ ಹಾರಿಹೋಗುತ್ತದೆ, ಪಿಎಚ್ ಇದ್ದದ್ದಕ್ಕಿಂತ ಮೇಲೆ ತೋರಿಸುತ್ತದೆ, ಅದನ್ನು ನಂಬಿ ಪ್ರೋಬ್ ತಿದ್ದಿದರೆ ಟ್ಯಾಂಕೇ ದಾರಿ ತಪ್ಪುತ್ತದೆ. ಹಾಗಾಗಿ ಸಿರಿಂಜಿನಲ್ಲಿ ಒಂದು ಗುಳ್ಳೆಯೂ ಇಲ್ಲದ ಹಾಗೆ ಎಳೆದು, ಮುಚ್ಚಳ ಹಾಕಿ, ತಕ್ಷಣ ಬ್ಲಡ್ ಗ್ಯಾಸ್ ಅನಲೈಸರ್‌ಗೆ ಕೊಡಲು ಹೇಳಿದೆ. ದೊಡ್ಡ ಟ್ಯಾಂಕಿನಲ್ಲಿ ಕಾರ್ಬನ್ ಡೈಆಕ್ಸೈಡ್ ಒತ್ತಡ 150 ಎಂಎಂ ಪಾದರಸ ದಾಟಿತ್ತು! ನಮ್ಮ ಮೈಯಲ್ಲಿ ಇದು ಸುಮಾರು 40 ಇರುತ್ತದೆ.

ಕಾರಣ ಸ್ಪಾರ್ಜರ್, ಅಂದರೆ ದ್ರವದೊಳಗೆ ಗುಳ್ಳೆಗಳಾಗಿ ಅನಿಲ ಬಿಡುವ ಸಾಧನ. ಅತಿ ಸಣ್ಣ ರಂಧ್ರದ ಸ್ಪಾರ್ಜರ್‌ನಲ್ಲಿ ಶುದ್ಧ ಆಕ್ಸಿಜನ್ ಬಿಟ್ಟರೆ ಅದು ಚೆನ್ನಾಗಿ ಕರಗುತ್ತದೆ, ಆದ್ದರಿಂದ ಸ್ವಲ್ಪ ಅನಿಲವೇ ಸಾಕಾಗುತ್ತದೆ. ಆದರೆ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗಬೇಕಾದರೆ ಹೊತ್ತೊಯ್ಯಲು ಅನಿಲದ ಹರಿವು ಬೇಕಲ್ಲ! ಸಾಲದ್ದಕ್ಕೆ ಟ್ಯಾಂಕ್ ದೊಡ್ಡದಾದಷ್ಟೂ ಒಳಗಿರುವ ದ್ರವಕ್ಕೆ ಹೋಲಿಸಿದರೆ ಮೇಲ್ಮೈ ಕಮ್ಮಿ. ಅನಿಲ ಉಳಿಯುತ್ತದೆ, ಪಿಎಚ್ ಇಳಿಯುತ್ತದೆ, ಬೇಸ್ ಬೀಳುತ್ತದೆ, ಸೋಡಿಯಂ ಸೇರಿ ಆಸ್ಮೊಲಾಲಿಟಿ (ದ್ರವದಲ್ಲಿ ಕರಗಿದ ಕಣಗಳ ಸಾಂದ್ರತೆ) ಏರುತ್ತದೆ. ಕೋಶಗಳಿಗೆ ಎರಡು ಕಡೆಯಿಂದಲೂ ಪೆಟ್ಟು.

ನೇರವಾಗಿ ದೊಡ್ಡ ಟ್ಯಾಂಕಿಗೆ ಕೈ ಹಾಕಲಿಲ್ಲ. ಅಲ್ಲಿ ಒಂದು ಬ್ಯಾಚ್ ಹೋದರೆ ಹೋದ ಹಾಗೇ. ಮೊದಲು ಸಣ್ಣ ಟ್ಯಾಂಕಿಗೆ ಬೇಕಂತಲೇ ಅದೇ ಕಾಯಿಲೆ ತರಿಸಿದೆ: ಗ್ಯಾಸಿನಲ್ಲಿ ಕಾರ್ಬನ್ ಡೈಆಕ್ಸೈಡ್ ಬೆರೆಸಿ ಅಷ್ಟೇ ಮಟ್ಟದಲ್ಲಿ ಹಿಡಿದಿಟ್ಟೆ. ಬೆಳವಣಿಗೆ ಅದೇ ಥರ ನಿಂತಿತು. ಫೀಡ್ ಹೆಚ್ಚಿಸಿದರೂ ಏಳಲಿಲ್ಲ. ಸಭೆಯಲ್ಲಿ ವಾದ ಮುಗಿಸಿದ್ದು ಈ ಗ್ರಾಫೇ. ಸಣ್ಣದರಲ್ಲಿ ಕಾಯಿಲೆ ತರಿಸಲಾಗದಿದ್ದರೆ ಅಲ್ಲಿ ಕಂಡ ಮದ್ದನ್ನು ನಾನಂತೂ ನಂಬುವುದಿಲ್ಲ.

ಮದ್ದು ಎರಡು. ಪಿಎಚ್ ಡೆಡ್‌ಬ್ಯಾಂಡ್ (ಗುರಿಯಿಂದ ಪಿಎಚ್ ಎಷ್ಟು ಸರಿಯುವವರೆಗೆ ಏನನ್ನೂ ಹಾಕುವುದಿಲ್ಲವೋ ಆ ಅಂತರ) 0.05 ಇದ್ದದ್ದನ್ನು 0.15ಕ್ಕೆ ಅಗಲ ಮಾಡಿದೆವು. ಸುಮ್ಸುಮ್ನೆ ಬೇಸ್ ಸುರಿಯೋದು, ಪಿಎಚ್ ಏರಿದಾಗ ಕಾರ್ಬನ್ ಡೈಆಕ್ಸೈಡ್ ಊದೋದು, ಎರಡೂ ಕಮ್ಮಿಯಾಯಿತು. ಇದಕ್ಕೆ ಹೊಸ ಸಾಮಾನೇನೂ ಬೇಡ. ಎರಡನೆಯದು, ದೊಡ್ಡ ರಂಧ್ರದ ಪೈಪ್ ಸ್ಪಾರ್ಜರ್‌ನಿಂದ ಗಾಳಿಯನ್ನೂ ಬಿಡೋದು. ಇದರಲ್ಲಿ ನೊರೆ ಜಾಸ್ತಿ. ಗುಳ್ಳೆ ಒಡೆಯುವಾಗ ಕೋಶಗಳು ಸಾಯದಂತೆ ಮೀಡಿಯಾದಲ್ಲಿ ಪೊಲಾಕ್ಸಮರ್ ಇರುತ್ತದೆ, ಆದರೂ ಗಾಳಿಯನ್ನು ಮೆಟ್ಟಿಲು ಮೆಟ್ಟಿಲಾಗಿಯೇ ಏರಿಸಿದೆ. ನೊರೆ ತಗ್ಗಿಸುವ ಆಂಟಿಫೋಮ್ ಲೆಕ್ಕವಿಲ್ಲದೆ ಸುರಿದರೆ ಮುಂದೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಪ್ಯೂರಿಫಿಕೇಶನ್‌ನವರು ನಮ್ಮನ್ನೇ ಬೈತಾರೆ.

ಇಳುವರಿ ಏರಿತು ಅಂದರೆ ಕ್ವಾಲಿಟಿಯವರು ಸುಮ್ಮನಾಗುವುದಿಲ್ಲ, ಆಗಲೂಬಾರದು. ಔಷಧಿಗಳ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ 2004ರ ಐಸಿಎಚ್ ಕ್ಯೂ5ಇ ಹೇಳೋದು ಅದನ್ನೇ: ಪ್ರೊಸೆಸ್ ಬದಲಾದರೆ ಹಳೆಯ, ಹೊಸ ಉತ್ಪನ್ನ ಹೋಲುತ್ತವೆ ಅಂತ ತೋರಿಸಬೇಕು. ಗ್ಲೈಕಾನ್ (ಪ್ರೋಟೀನಿಗೆ ಅಂಟಿದ ಸಕ್ಕರೆ ಸರಪಳಿ), ಚಾರ್ಜ್ ವೇರಿಯಂಟ್ (ವಿದ್ಯುದಾವೇಶದಲ್ಲಿ ಬೇರೆಯಾದ ರೂಪಗಳು), ಅಗ್ರಿಗೇಟ್ (ಒಂದಕ್ಕೊಂದು ಅಂಟಿದ ಮುದ್ದೆ) ಎಲ್ಲ ಪಕ್ಕಪಕ್ಕ ಇಟ್ಟು ನೋಡಿದೆವು. ಹೋಲಿಕೆ ಸರಿ ಬಂತು. ಈಗಿನ ತಲೆನೋವು ಬೇರೆ. ಕೋಶಗಳು ಹೆಚ್ಚಾಗಿರುವುದರಿಂದ ಹಾರ್ವೆಸ್ಟ್ ದಿನ ಕೋಶಗಳನ್ನು ಸೋಸಿ ತೆಗೆಯುವ ಡೆಪ್ತ್ ಫಿಲ್ಟರ್‌ನಲ್ಲಿ ಒತ್ತಡ ಬೇಗ ಏರುತ್ತಿದೆ, ಫಿಲ್ಟರ್ ವಿಸ್ತೀರ್ಣ ಹೆಚ್ಚಿಸಿ ಪರೀಕ್ಷೆ ಮಾಡುತ್ತಿದ್ದೇವೆ.