ರೂಟರ್ ಕಾನ್ಫಿಗ್ ಮುಟ್ಟುವ ಮೊದಲು ಹಳೆಯದನ್ನು ಭದ್ರ ಮಾಡಿ

ರಾತ್ರಿ ಒಂದೂವರೆ ಗಂಟೆ. ದೂರದ ಸೈಟಿನಲ್ಲಿದ್ದ ಜುನಿಪರ್ ಕಂಪನಿಯ ರೂಟರಿಗೆ ಲಾಗಿನ್ ಆಗಿ, ಅಪ್‌ಲಿಂಕಿನ (ಹೊರಗಿನ ನೆಟ್‌ವರ್ಕಿಗೆ ಹೋಗುವ ಲಿಂಕಿನ) ಐಪಿ ವಿಳಾಸ ಬದಲಿಸಿ, ಬದಲಾವಣೆ ಜಾರಿ ಮಾಡುವ 'ಕಮಿಟ್' ಕಮಾಂಡ್ ಕೊಟ್ಟೆ. ಸ್ಕ್ರೀನ್ ಅಲ್ಲೇ ನಿಂತುಬಿಟ್ಟಿತು. ಯಾವ ಲಿಂಕ್ ಹಿಡಿದು ಒಳಗೆ ಹೋಗಿದ್ದೆನೋ ಅದನ್ನೇ ಕಡಿದುಹಾಕಿದ್ದೆ. ಬೆಳಗಿನ ಜಾವ, ರೂಟರಿಗೆ ನೇರವಾಗಿ ಚುಚ್ಚುವ ಕನ್ಸೋಲ್ ಕೇಬಲ್ ಹಿಡಿದು ಅಲ್ಲಿಗೇ ಓಡಬೇಕಾಯಿತು. ಹಳೆಯ ಕಾನ್ಫಿಗ್ (ರೂಟರ್ ಹೇಗೆ ಕೆಲಸ ಮಾಡಬೇಕೆಂದು ಹೇಳುವ ಸೆಟ್ಟಿಂಗುಗಳು) ಆ ರೂಟರಿನ ಒಳಗೇ ಇತ್ತು, ಅದನ್ನು ತಾನಾಗಿ ವಾಪಸ್ ತರುವ ಕಮಾಂಡೂ ಇತ್ತು, ನಾನು ಬಳಸಿರಲಿಲ್ಲ. ನಿಮಗೆ ಹಾಗಾಗಬಾರದು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಜುನಿಪರ್ ರೂಟರಿನ ಸಾಫ್ಟ್‌ವೇರ್ ಆದ ಜುನೋಸ್‌ನಲ್ಲಿ ನೀವು ತಿದ್ದುವುದು ಓಡುತ್ತಿರುವ ಕಾನ್ಫಿಗ್ ಅಲ್ಲ, ಅದರ ಕರಡು. ಅದಕ್ಕೆ ಕ್ಯಾಂಡಿಡೇಟ್ ಅನ್ನುತ್ತಾರೆ. ಕಮಿಟ್ ಕೊಟ್ಟಾಗ ಕರಡು ಜಾರಿಗೆ ಬಂದು 0 ಅಂಕಿಯ ಪ್ರತಿ ಆಗುತ್ತದೆ, ಅಲ್ಲಿಯವರೆಗೆ ಓಡುತ್ತಿದ್ದದ್ದು ಹಿಂದೆ ಸರಿದು 1 ಆಗುತ್ತದೆ. ಹೀಗೆ 49ರವರೆಗೆ, ಹೆಚ್ಚೆಂದರೆ 50 ಪ್ರತಿ. ಸಿಸ್ಕೋ ರೂಟರುಗಳ ಸಾಫ್ಟ್‌ವೇರ್ ಐಒಎಸ್‌ನಲ್ಲಿ ಕೈ ಪಳಗಿದವರು ಇಲ್ಲಿ ಸ್ವಲ್ಪ ಗಮನ ಕೊಡಿ. ಅಲ್ಲಿ ಹೊಡೆದ ಸಾಲು ಆಗಲೇ ಜಾರಿ, ಆದರೆ ಸ್ಟಾರ್ಟಪ್-ಕಾನ್ಫಿಗ್‌ಗೆ ಕಾಪಿ ಮಾಡದಿದ್ದರೆ ರೀಬೂಟ್ ಆದಾಗ ಹೋಯಿತು.

ಮೊದಲ ಕೆಲಸ, ಎಲ್ಲ ಸರಿಯಾಗಿ ಓಡುತ್ತಿರುವಾಗಲೇ 'ರಿಕ್ವೆಸ್ಟ್ ಸಿಸ್ಟಮ್ ಕಾನ್ಫಿಗರೇಶನ್ ರೆಸ್ಕ್ಯೂ ಸೇವ್' ಕೊಡಿ, ಓಡುತ್ತಿರುವ ಕಾನ್ಫಿಗ್‌ನ ಒಂದು ಪ್ರತಿ ಆಪತ್ತಿಗೆಂದು ಬೇರೆ ಉಳಿಯುತ್ತದೆ. ಈ ಪ್ರತಿ ಆ 50ರ ಸಾಲಿಗೆ ಸೇರುವುದಿಲ್ಲ, ಎಷ್ಟು ಕಮಿಟ್ ಆದರೂ ಇದ್ದಲ್ಲೇ ಇರುತ್ತದೆ. ತಾನಾಗಿ ಹೊಸದಾಗುವುದೂ ಇಲ್ಲ, ದೊಡ್ಡ ಬದಲಾವಣೆ ನೆಲೆ ನಿಂತ ಮೇಲೆ ನೀವೇ ಮತ್ತೆ ಸೇವ್ ಮಾಡಬೇಕು.

ಆಮೇಲೆ ಕಾನ್ಫಿಗ್ ತಿದ್ದಲು ಒಳಗೆ ಹೋಗಿ, ಆದರೆ ಬರೀ 'ಕಾನ್ಫಿಗರ್' ಅಂತ ಅಲ್ಲ, 'ಕಾನ್ಫಿಗರ್ ಪ್ರೈವೇಟ್' ಅಂತ. ಬರೀ 'ಕಾನ್ಫಿಗರ್' ಅಂದರೆ ಕರಡು ಎಲ್ಲರಿಗೂ ಸೇರಿ ಒಂದೇ. ಮಧ್ಯಾಹ್ನ ಸಹೋದ್ಯೋಗಿಯೊಬ್ಬರು ಏನೋ ತಿದ್ದಿ, ಕಮಿಟ್ ಮಾಡದೆ ಹಾಗೇ ಬಿಟ್ಟಿದ್ದರೆ, ರಾತ್ರಿ ನೀವು ಕೊಡುವ ಕಮಿಟ್ ಅವರ ಅರ್ಧಂಬರ್ಧ ಕೆಲಸವನ್ನೂ ಜಾರಿ ಮಾಡಿಬಿಡುತ್ತದೆ.

ತಿದ್ದಿದ ಮೇಲೆ 'ಶೋ' ಬರೆದು, ಪೈಪ್ ಗೆರೆ (|) ಹಾಕಿ, 'ಕಂಪೇರ್' ಕೊಡಿ, ಕರಡಿಗೂ ಓಡುತ್ತಿರುವುದಕ್ಕೂ ಇರುವ ವ್ಯತ್ಯಾಸ ಕಾಣುತ್ತದೆ. ಸುಮ್ನೆ ಕಣ್ಣಾಡಿಸಬೇಡಿ, ಒಂದೊಂದು ಸಾಲನ್ನೂ ಓದಿ. ಪ್ಲಸ್ ಇದ್ದದ್ದು ಸೇರುವ ಸಾಲು, ಮೈನಸ್ ಇದ್ದದ್ದು ಹೋಗುವ ಸಾಲು. ಇಂಟರ್‌ಫೇಸಿನ ವಿಳಾಸ ಬದಲಿಸಿದ್ದೀರಿ, ಆದರೆ ಕಾಣುವುದು ಒಂದೇ ಒಂದು ಪ್ಲಸ್ ಸಾಲು. ಮೈನಸ್ ಎಲ್ಲಿ? ಇಲ್ಲ, ಯಾಕೆಂದರೆ ಇಲ್ಲಿ 'ಸೆಟ್' ಹೊಸ ವಿಳಾಸವನ್ನು ಹಳೆಯದರ ಪಕ್ಕ ಸೇರಿಸುತ್ತದೆ, ಹಳೆಯದನ್ನು 'ಡಿಲೀಟ್' ಕೊಟ್ಟೇ ತೆಗೆಯಬೇಕು. ಇದನ್ನು, ಜಾರಿ ಮಾಡದೆ ಕರಡನ್ನು ಪರೀಕ್ಷಿಸುವ 'ಕಮಿಟ್ ಚೆಕ್' ಕಮಾಂಡ್ ಹಿಡಿಯುವುದಿಲ್ಲ, ಬರವಣಿಗೆ ಸರಿಯಾಗಿಯೇ ಇದೆ ಅಲ್ವಾ. ನಿಮ್ಮ ಕಣ್ಣೇ ಹಿಡಿಯಬೇಕು.

ಈಗ ನನ್ನನ್ನು ಆ ರಾತ್ರಿ ಉಳಿಸಬಹುದಾಗಿದ್ದ ಕಮಾಂಡ್: 'ಕಮಿಟ್ ಕನ್ಫರ್ಮ್ಡ್ 5'. ಬದಲಾವಣೆ ಜಾರಿಯಾಗುತ್ತದೆ, ಆದರೆ 5 ನಿಮಿಷದೊಳಗೆ ನೀವು ಇನ್ನೊಮ್ಮೆ 'ಕಮಿಟ್' ಕೊಡದಿದ್ದರೆ ರೂಟರ್ ತಾನಾಗಿ ಹಿಂದಿನದಕ್ಕೆ ಮರಳುತ್ತದೆ. ಅಂಕಿ ಹಾಕದಿದ್ದರೆ 10 ನಿಮಿಷ. ಈ ಸಮಯದಲ್ಲಿ ಹಳೆಯ ವಿಂಡೋ ಮುಚ್ಚದೆ ಇನ್ನೊಂದು ವಿಂಡೋದಿಂದ ಹೊಸದಾಗಿ ಲಾಗಿನ್ ಆಗಿ ನೋಡಿ, ಬಿಜಿಪಿ ನೆರೆಯವರು (ದಾರಿಗಳ ಮಾಹಿತಿ ಹಂಚಿಕೊಳ್ಳುವ ಬೇರೆ ರೂಟರುಗಳು) ಎದ್ದಿದ್ದಾರಾ ನೋಡಿ, ಆಮೇಲಷ್ಟೇ ಎರಡನೇ ಕಮಿಟ್. ಲಿಂಕ್ ಕಡಿದರೆ ಗಾಬರಿ ಬೇಡ, ಗಡಿಯಾರ ನೋಡುತ್ತಾ ಕೂತಿರಿ.

ತಪ್ಪು ಮರುದಿನ ಗೊತ್ತಾದರೆ? 'ಶೋ ಸಿಸ್ಟಮ್ ಕಮಿಟ್' ಕೊಟ್ಟರೆ ಯಾವ ಪ್ರತಿ ಯಾವಾಗ, ಯಾರಿಂದ ಆಯಿತು ಅನ್ನುವುದು ಕಾಣುತ್ತದೆ. 'ರೋಲ್‌ಬ್ಯಾಕ್ 3' ಅಂದರೆ ಆ ಪ್ರತಿ ಕರಡಿಗೆ ಮಾತ್ರ ಬರುತ್ತದೆ, ಮತ್ತೆ ಕಂಪೇರ್, ಮತ್ತೆ ಕಮಿಟ್. ಕಮಿಟ್ ಆದ ಕೂಡಲೇ ಅಂಕಿಗಳೆಲ್ಲ ಒಂದೊಂದು ಸರಿಯುತ್ತವೆ, ಹಾಗಾಗಿ ಹಳೆಯ ಅಂಕಿ ನೆನಪಿಟ್ಟುಕೊಂಡು ಇನ್ನೊಮ್ಮೆ ರೋಲ್‌ಬ್ಯಾಕ್ ಮಾಡಬೇಡಿ, ಪಟ್ಟಿ ನೋಡಿ.

50 ಪ್ರತಿಗಳಿದ್ದರೂ ಎಲ್ಲ ಇರುವುದು ಅದೇ ಪೆಟ್ಟಿಗೆಯಲ್ಲಿ. ಅದೇ ಕೆಟ್ಟರೆ ಎಲ್ಲವೂ ಒಟ್ಟಿಗೆ ಹೋಗಬಹುದು. ಅದಕ್ಕೇ ಕಾನ್ಫಿಗ್ ಹೊರಗೆ ಕಾಪಿ ಇಡುವ 'ಆರ್ಕೈವಲ್' ಸೆಟ್ಟಿಂಗಿನಲ್ಲಿ 'ಟ್ರಾನ್ಸ್‌ಫರ್-ಆನ್-ಕಮಿಟ್' ಹಾಕಿ, ಪ್ರತಿ ಕಮಿಟ್ ಆದಾಗಲೂ ಒಂದು ಕಾಪಿ ಬೇರೆ ಸರ್ವರಿಗೆ ಹೋಗಲಿ. ಆ ಫೋಲ್ಡರ್ ಎಲ್ಲರಿಗೂ ತೆರೆದಿರಬಾರದು. ಕಾನ್ಫಿಗ್‌ನಲ್ಲಿ ಡಾಲರ್-9-ಡಾಲರ್ ($9$) ಅಂತ ಶುರುವಾಗುವ, ಪಾಸ್‌ವರ್ಡಿನಂಥ ಗುಟ್ಟಿನ ಪದಗಳನ್ನು ಬಿಡಿಸಿ ಓದುವುದು ಸುಲಭ. ವಾರಕ್ಕೊಮ್ಮೆ ಅಲ್ಲಿನ ಕೊನೆಯ ಫೈಲ್ ತೆರೆದು, ತಾರೀಖು ಸರಿಯಿದೆಯಾ, ಒಳಗೆ ಪೂರ್ತಿ ಕಾನ್ಫಿಗ್ ಇದೆಯಾ ನೋಡಿ.