ಕ್ರೋಮಿಯಂ ತಾಮ್ರದ ವೆಲ್ಡಿಂಗ್ ಟಿಪ್ ಗಟ್ಟಿಯಾಗಬೇಕಾದರೆ

ಸ್ಪಾಟ್ ವೆಲ್ಡಿಂಗ್ ಟಿಪ್‌ಗೆ, ಅಂದರೆ ತಗಡುಗಳನ್ನು ಒತ್ತಿ ಹಿಡಿದು ವಿದ್ಯುತ್ ಹಾಯಿಸಿ ಬೆಸೆಯುವ ತುದಿಗೆ, ಅಪ್ಪಟ ತಾಮ್ರ ತಾಳುವುದಿಲ್ಲ. ಬಿಸಿಯಲ್ಲಿ ಒತ್ತಿ ಒತ್ತಿ ತುದಿ ಅಣಬೆಯಂತೆ ಹರಡಿಕೊಳ್ಳುತ್ತದೆ. ಹಿತ್ತಾಳೆ ಗಟ್ಟಿ, ಆದರೆ ತಾಮ್ರದಲ್ಲಿ ಕರಗಿಯೇ ಉಳಿದ ಸತು ವಿದ್ಯುತ್ತಿಗೆ ಅಡ್ಡ ಬರುತ್ತದೆ. ಅದಕ್ಕೇ ಶೇ. 0.6ರಿಂದ 1.2ರಷ್ಟು ಕ್ರೋಮಿಯಂ ಬೆರೆಸುವುದು. 1000 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇದು ಘನ ತಾಮ್ರದಲ್ಲೇ ಒಂದಷ್ಟು ಕರಗುತ್ತದೆ, 400ಕ್ಕೆ ಇಳಿದರೆ ಕರಗುವುದು ಇಲ್ಲವೆನ್ನುವಷ್ಟು. ಎಲ್ಲ ಆಟವೂ ಈ ವ್ಯತ್ಯಾಸದ್ದೇ.

25 ಮಿ.ಮೀ. ಸರಳನ್ನು 980–1000 ಡಿಗ್ರಿಗೆ ತಂದು, ಒಳತಿರುಳೂ ಕಾದ ಮೇಲೆ ಅರ್ಧದಿಂದ ಒಂದು ಗಂಟೆ ಬಿಡಿ. ಶಾಖ ಅಳೆಯುವ ಥರ್ಮೋಕಪಲ್ ಕುಲುಮೆಯ ಗೋಡೆಗಲ್ಲ, ಸರಳಿನ ಪಕ್ಕಕ್ಕಿರಲಿ; 1075ರ ಹತ್ತಿರ ಹೋದರೆ ಲೋಹ ಕರಗಲು ಶುರು. ಗಾಳಿ ತಾಗಿದರೆ ಮೇಲ್ಪದರದ ಕ್ರೋಮಿಯಂ ಆಕ್ಸೈಡ್ ಆಗಿ ವ್ಯರ್ಥವಾಗುತ್ತದೆ. ಆರ್ಗಾನ್ ಅನಿಲ ಹಾಯಿಸಿ, ಇಲ್ಲವೇ ಇದ್ದಿಲ ಪುಡಿಯಲ್ಲಿ ಹೂತಿಡಿ.

ಹೊರತೆಗೆದ ಕೆಲವೇ ಸೆಕೆಂಡುಗಳಲ್ಲಿ ತಣ್ಣೀರಿಗೆ ಹಾಕಿ ಆಡಿಸಿ. ಉಕ್ಕಿನ ಕೆಲಸ ಮಾಡಿದವರು ಬೆಚ್ಚಿಬೀಳುವುದು ಇಲ್ಲೇ: ಅದ್ದಿದ ಉಕ್ಕು ಗಟ್ಟಿಯಾದರೆ, ಅದ್ದಿದ ಈ ತಾಮ್ರ ಮೆತ್ತಗಿರುತ್ತದೆ, ಗಡಸುತನದ ವಿಕರ್ಸ್ ಅಳತೆಯಲ್ಲಿ ಸುಮಾರು 60–70. ಕೆಲಸ ಕೆಟ್ಟಿಲ್ಲ. ತಣ್ಣಗೆ ಎಳೆಯುವುದಿದ್ದರೆ, ಬಡಿಯುವುದಿದ್ದರೆ ಈಗಲೇ ಮುಗಿಸಿ.

ನಂತರ 450–475 ಡಿಗ್ರಿಯಲ್ಲಿ ಮೂರು ಗಂಟೆ ಕಾಯಿಸಿಡಬೇಕು; ಇದೇ ಏಜಿಂಗ್. ಕರಗಿದ್ದ ಕ್ರೋಮಿಯಂ ಕಣ್ಣಿಗೆ ಕಾಣದ ಕಣಗಳಾಗಿ ಹೊರಬಂದು ತಾಮ್ರವನ್ನು ಬಿಗಿಯುತ್ತದೆ. ಗಡಸುತನ 110–130ಕ್ಕೆ ಏರುತ್ತದೆ, ಮೊದಲೇ ಎಳೆದಿದ್ದರೆ 140 ದಾಟುತ್ತದೆ. ಕಪ್ಪು ಪದರ ಕೆರೆದು ತೆಗೆದೇ ಅಳೆಯಿರಿ.

ಗಡಸುತನವೊಂದನ್ನೇ ನೋಡಿದರೆ ತಪ್ಪು ಎಲ್ಲಾಯಿತೆಂದು ತಿಳಿಯದು, ವಿದ್ಯುತ್ ವಾಹಕತೆಯನ್ನೂ ಅಳೆಯಬೇಕು. ಅದ್ದಿದ ಕೂಡಲೇ ಅದು ಅಪ್ಪಟ ತಾಮ್ರದ ಶೇ. 40ರ ಆಸುಪಾಸು, ಏಜಿಂಗ್ ಸರಿಯಾದರೆ ಶೇ. 80. ಟಿಪ್ ಮೆತ್ತಗಿದ್ದು ವಾಹಕತೆಯೂ ಶೇ. 55ರಲ್ಲೇ ನಿಂತಿದ್ದರೆ ಏಜಿಂಗ್ ಸಾಲದು. 470ರಲ್ಲಿ ಇನ್ನೊಂದು ಗಂಟೆ ಇಡಿ. ಮೆತ್ತಗಿದ್ದೂ ವಾಹಕತೆ ಶೇ. 80 ಮೀರಿದ್ದರೆ ಕಣಗಳು ದಪ್ಪಗಾಗಿವೆ. ಏಜಿಂಗಿನ ಶಾಖ ಹೆಚ್ಚಾಗಿರಬೇಕು, ಇಲ್ಲವೇ ಅದ್ದುವುದು ತಡವಾಗಿರಬೇಕು. ಅದ್ದಿದಾಗಿನ ಅಳತೆ ಬರೆದಿಟ್ಟಿದ್ದರೆ ಯಾವುದೆಂದು ಗೊತ್ತಾಗುತ್ತದೆ: ಆಗಲೇ ವಾಹಕತೆ ಶೇ. 60 ಇದ್ದರೆ ಅದ್ದುವುದು ತಡವಾದದ್ದೇ. ಎರಡಕ್ಕೂ ಮದ್ದು ಒಂದೇ, 1000 ಡಿಗ್ರಿಯಿಂದ ಮತ್ತೆ ಶುರು. ತಣ್ಣಗೆ ಎಳೆದು ಗಳಿಸಿದ ಬಲ ಮಾತ್ರ ಹೋದಂತೆಯೇ.

ಸಿದ್ಧ ಟಿಪ್‌ಗೆ ಬೆಳ್ಳಿ ಬೆಸುಗೆ ಹಾಕಬೇಡಿ. 650 ಡಿಗ್ರಿಯಲ್ಲಿ ಕೆಲವು ನಿಮಿಷ ಕೂತರೂ ಮೂರು ಗಂಟೆಯ ಏಜಿಂಗ್ ನೀರುಪಾಲು. ಬುಡಕ್ಕೆ ಟೇಪರ್ (ತುದಿಯತ್ತ ಕಿರಿದಾಗುವ ಇಳಿಜಾರು) ಕೊಟ್ಟು ಬಿಗಿಯಾಗಿ ಕೂರಿಸಿ.